ಪದ ಪರಿಚಯ: ಟಿವೊಲಿ

ಹುಬ್ಬಳ್ಳಿಯಲ್ಲಿ ಉಡುಪಿ ಹೋಟೆಲ್ ಬೋರ್ಡ್ ನೋಡಿ ಒಳಗೆ ಹೋದವರು ಅಲ್ಲಿ ಸಮುದ್ರ ಹುಡುಕುವುದಿಲ್ಲ, ಅಲ್ವಾ? ಇಡ್ಲಿ, ವಡೆ, ಬಿಸಿ ಕಾಫಿ ಸಿಕ್ಕರೆ ಸಾಕು. ಉಡುಪಿ ಅನ್ನುವುದು ಅಲ್ಲಿ ಊರಲ್ಲ, ಒಂದು ಬಗೆಯ ಹೋಟೆಲ್. ಟಿವೊಲಿಗೂ ಹೀಗೇ ಆಯಿತು.

ಟಿವೊಲಿ ಇಟಲಿಯ ಊರು. ರೋಮ್‌ನಿಂದ ಸುಮಾರು 30 ಕಿಲೋಮೀಟರ್. ಜಲಪಾತ ಇದೆ. 16ನೇ ಶತಮಾನದ ವಿಲ್ಲಾ ದೆಸ್ತೆ ಅನ್ನೋ ಬಂಗಲೆಯ ತೋಟದಲ್ಲಿ ಎಲ್ಲಿ ನೋಡಿದರೂ ಕಾರಂಜಿ. ಈ ಚೆಂದಕ್ಕೆ ಮರುಳಾಗಿ 18ನೇ ಶತಮಾನದ ಕೊನೆಗೆ ಪ್ಯಾರಿಸ್‌ನವರು ತಮ್ಮ ಮೋಜಿನ ತೋಟಕ್ಕೂ ಟಿವೊಲಿ ಅಂತಲೇ ಕರೆದರು. 1843ರಲ್ಲಿ ಕೋಪನ್‌ಹೇಗನ್‌ನಲ್ಲಿ ಗಿಯೋರ್ಗ್ ಕಾರ್ಸ್ಟೆನ್‌ಸೆನ್ ತೆರೆದ ತೋಟಕ್ಕೂ ಅದೇ ಹೆಸರು. ಅದು ಇವತ್ತಿಗೂ ನಡೆಯುತ್ತಿದೆ. ಡೇನಿಶ್, ಸ್ವೀಡಿಶ್ ಮಾತಿನಲ್ಲಿ ಈಗ ಟಿವೊಲಿ ಅಂದರೆ ತೊಟ್ಟಿಲು, ಜೋಕಾಲಿ ಇರುವ ಯಾವ ಮೋಜಿನ ಜಾಗವಾದರೂ ಸರಿ. ನಮ್ಮ ಹತ್ತಿರದ ಸಿಕಂದರಾಬಾದ್‌ನಲ್ಲೂ ಟಿವೊಲಿ ಟಾಕೀಸ್ ಇದೆ. ಜಲಪಾತದ ಊರಿನ ಹೆಸರು ಪಿಕ್ಚರ್ ತೋರಿಸುವ ಕಟ್ಟಡಕ್ಕೆ!

ಕೋಪನ್‌ಹೇಗನ್ ತೋಟದ ಮೊದಲ ಹೆಸರು ‘ಟಿವೊಲಿ ಮತ್ತು ವಾಕ್ಸ್‌ಹಾಲ್’. ನನಗೆ ಜಾಸ್ತಿ ಮಜಾ ಅನ್ನಿಸುವುದು ಈ ಎರಡನೆಯದು. ವಾಕ್ಸ್‌ಹಾಲ್ ಲಂಡನ್ನಿನ ಒಂದು ಬಡಾವಣೆ. ಹಿಂದೆ ಅಲ್ಲಿ ಫಾಕ್ಸ್ ಎಂಬ ಸರದಾರನ ಮನೆ ಇತ್ತು, ಹೆಸರು ಬಂದದ್ದು ಅದರಿಂದ. ಆಮೇಲೆ ಅಲ್ಲೊಂದು ತೋಟ ಆಯಿತು. ಸಂಜೆಯಾದರೆ ಸಾಲು ದೀಪ, ಹಾಡು, ಊಟ. ಊರೂರಲ್ಲಿ ಅದರ ನಕಲು ಎದ್ದವು. ರಷ್ಯಾದಲ್ಲಿ 1838ರಲ್ಲಿ ಪಾವ್ಲೋವ್ಸ್ಕ್‌ಗೆ ರೈಲು ಬಂದಾಗ, ಸುಮ್ನೆ ರೈಲು ಹತ್ತಿ ಬನ್ನಿ ಅಂದರೆ ಜನ ಎಲ್ಲಿ ಬರುತ್ತಾರೆ? ಅದಕ್ಕೆ ಕೊನೆಯ ನಿಲ್ದಾಣದಲ್ಲಿ ಸಂಗೀತದ ಮಂಟಪ ಕಟ್ಟಿ ‘ವಾಕ್ಸ್‌ಹಾಲ್’ ಅಂದರು. ರಷ್ಯನ್ನರ ಬಾಯಲ್ಲಿ ಅದು ‘ವಗ್ಜಾಲ್’ ಆಯಿತು. ಕಛೇರಿ ಕೇಳಲು ಹೋಗುವುದೂ ರೈಲು ಇಳಿಯುವುದೂ ಒಂದೇ ಕಡೆ. ಬರಬರುತ್ತಾ ದೊಡ್ಡ ರೈಲು ನಿಲ್ದಾಣಕ್ಕೆಲ್ಲ ಅದೇ ಹೆಸರು ಅಂಟಿತು.

ಆ ಲೆಕ್ಕಕ್ಕೆ ಹುಬ್ಬಳ್ಳಿಯ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣವೂ ಒಂದು ವಗ್ಜಾಲ್. ಸಾಲು ದೀಪದ ತೋಟ ಇಲ್ಲ, ಕಛೇರಿಯಂತೂ ಇಲ್ಲವೇ ಇಲ್ಲ. ಇರುವುದು 1,507 ಮೀಟರ್ ಪ್ಲಾಟ್‌ಫಾರ್ಮ್. ಬೋಗಿ ಆ ತುದಿಗೆ ಬಂದರೆ, ಗಿರ್ಮಿಟ್ ಪೊಟ್ಟಣ ಕೈಯಲ್ಲಿ ಹಿಡಿದು ನಡೆಯುವುದಷ್ಟೇ.