ಎಲ್ಲರೂ ಮೆಚ್ಚಿದ ಸಿನಿಮಾ ನೋಡಿದರೆ ನನಗ್ಯಾಕೆ ಮೈ ಉರಿಯುತ್ತದೆ?

ಪ್ರಶ್ನೆ: ಮನೆಯಲ್ಲಿ, ಆಫೀಸಿನಲ್ಲಿ ಎಲ್ಲರೂ ಸೂಪರ್ ಅಂದರು ಅಂತ ಒಂದು ಸಿನಿಮಾಗೆ ಹೋದೆ. ಇಂಟರ್‌ವಲ್‌ನಲ್ಲೇ ಎದ್ದು ಬರೋಣ ಅನ್ನಿಸಿತು. ಹಾಗಂತ ಹೇಳಿದರೆ "ನಿಂಗೆ ಅರ್ಥ ಆಗಿಲ್ಲ ಬಿಡು" ಅನ್ನುತ್ತಾರೆ. ಅದೇ ಸಿನಿಮಾ, ಅದೇ ಎರಡೂವರೆ ಗಂಟೆ. ಅವರ ಕಣ್ಣಲ್ಲಿ ನೀರು, ನನಗೆ ಮೈಯೆಲ್ಲ ಉರಿ. ಹೀಗ್ಯಾಕೆ? ನನ್ನ ರುಚಿಯೇ ಕೆಟ್ಟಿದೆಯಾ?

ಉತ್ತರ: ಈ ಪ್ರಶ್ನೆ ಆಗಾಗ ಬರುತ್ತಲೇ ಇರುತ್ತದೆ. ಸಿನಿಮಾದ ಹೆಸರು ಮಾತ್ರ ಬೇರೆ ಇರುತ್ತದೆ, ಅಷ್ಟೇ. ರುಚಿ ಕೆಟ್ಟಿಲ್ಲ, ಗಾಬರಿ ಬೇಡ.

ನಿಮ್ಮ ಮಾತಿನಲ್ಲಿ ಒಂದನ್ನು ಗಮನಿಸಿ. ನೀವು "ಬೋರ್ ಆಯ್ತು" ಅಂದಿಲ್ಲ, "ಉರಿ" ಅಂದಿದ್ದೀರಿ. ಎರಡೂ ಬೇರೆ. ಬೋರ್ ಹೊಡೆಸಿದ ಸಿನಿಮಾ ಪಾರ್ಕಿಂಗ್‌ನಿಂದ ಗಾಡಿ ತೆಗೆಯುವಷ್ಟರಲ್ಲಿ ಮರೆತುಹೋಗುತ್ತದೆ. ಸಿಟ್ಟು ತರಿಸಿದ ಸಿನಿಮಾ ಮನೆವರೆಗೂ ಹಿಂದೆಯೇ ಬರುತ್ತದೆ, ಊಟದ ತಟ್ಟೆಯ ಪಕ್ಕದಲ್ಲೂ ಕೂರುತ್ತದೆ. ಫೋಟೋಗ್ರಫಿ ಚೆನ್ನಾಗಿಲ್ಲ, ಡಬ್ಬಿಂಗ್ ಕೂಡಿಲ್ಲ ಅಂತ ಯಾರಿಗೂ ಇಷ್ಟು ಸಿಟ್ಟು ಬರುವುದಿಲ್ಲ. ಸಿಟ್ಟು ಬರುವುದು ಸಿನಿಮಾ ಯಾರ ಪರ ನಿಂತಿದೆ ಅನ್ನುವುದರ ಮೇಲೆ. ತೆರೆಯ ಮೇಲೆ ಒಬ್ಬ ಏನೋ ಮಾಡುತ್ತಾನೆ. ಹಿನ್ನೆಲೆ ಸಂಗೀತ ಜೋರಾಗುತ್ತದೆ, ಈಗ ಚಪ್ಪಾಳೆ ಹೊಡೀರಿ ಅನ್ನುವ ಹಾಗೆ. ಪಕ್ಕದವರು ಹೊಡೆಯುತ್ತಾರೆ, ನಿಮ್ಮ ಕೈ ಮೇಲೇಳುವುದಿಲ್ಲ. ಜಗಳ ಶುರುವಾಗುವುದು ಅಲ್ಲಿ.

ಇದಕ್ಕೆ ನಾನು ಯಾವಾಗಲೂ ಕೊಡುವ ಉದಾಹರಣೆ 'ನಾಗರಹಾವು'. ಪುಟ್ಟಣ್ಣ ಕಣಗಾಲರ ಸಿನಿಮಾ, 1972ರ ಡಿಸೆಂಬರ್ ಕೊನೆಯಲ್ಲಿ ಬಂದದ್ದು. ವಿಷ್ಣುವರ್ಧನ್ ನಾಯಕರಾದ ಮೊದಲ ಚಿತ್ರ, ಅಂಬರೀಷ್ ತೆರೆಗೆ ಬಂದ ಮೊದಲ ಚಿತ್ರ. ಅದನ್ನೂ ಬೈಯುವವರು ಇದ್ದಾರಾ ಅಂತೀರಾ? ಮೊದಲು ಬೇಸರ ಮಾಡಿಕೊಂಡವರು ಕತೆ ಬರೆದವರೇ. ತ.ರಾ.ಸು. ಅವರ 'ನಾಗರಹಾವು', 'ಒಂದು ಗಂಡು ಎರಡು ಹೆಣ್ಣು', 'ಸರ್ಪಮತ್ಸರ' ಎಂಬ ಮೂರು ಕಾದಂಬರಿಗಳನ್ನು ಸೇರಿಸಿ ಮಾಡಿದ ಸಿನಿಮಾ ಅದು. ಪುಟ್ಟಣ್ಣ ತಮ್ಮ ನಾಗರಹಾವನ್ನು ಕೇರೆಹಾವು ಮಾಡಿಬಿಟ್ಟರು ಎಂದು ಅವರು ನೊಂದುಕೊಂಡದ್ದು ಕನ್ನಡ ಚಿತ್ರರಂಗದಲ್ಲಿ ಇಂದಿಗೂ ಓಡಾಡುವ ಮಾತು.

ಅವರ ಜಾಗದಲ್ಲಿ ನಿಂತು ನೋಡಿ. ಮೂರು ಪುಸ್ತಕಗಳ ಉದ್ದಕ್ಕೂ ಸಾಕಿದ ಹುಡುಗ, ಕತೆಯ ನಾಯಕ ರಾಮಾಚಾರಿ. ಅವನ ಒಳಗಿನ ವಿಷ ಎಷ್ಟು, ಅದು ಎಲ್ಲಿಂದ ಬಂತು ಅನ್ನುವುದು ಬರೆದವರಿಗೆ ಗೊತ್ತು. ತೆರೆಯ ಮೇಲೆ ಅವನು ಹಾಡುತ್ತಾನೆ, ಬೆಟ್ಟ ಹತ್ತುತ್ತಾನೆ. ನಮಗೆ ಕಂಡದ್ದು ತೆರೆಯ ಮೇಲೆ ಇದ್ದದ್ದು. ಅವರಿಗೆ ಕಂಡದ್ದು ತೆರೆಯ ಮೇಲೆ ಇಲ್ಲದ್ದು. ಕಾದಂಬರಿ ಓದದವರು ಥಿಯೇಟರ್‌ನಲ್ಲಿ ಅತ್ತರು, ಮತ್ತೆ ಮತ್ತೆ ಬಂದರು. ಅವರು ಹೋಲಿಸುವುದಕ್ಕೆ ಏನಿತ್ತು?

2018ರಲ್ಲಿ ಈ ಸಿನಿಮಾವನ್ನು ಹೊಸ ತಂತ್ರಜ್ಞಾನದಲ್ಲಿ ಚೊಕ್ಕ ಮಾಡಿ ಮತ್ತೆ ಬಿಡುಗಡೆ ಮಾಡಿದರು. ನಾನು ನಮ್ಮ ದೊಡ್ಡಮ್ಮನನ್ನೂ ಅವರ ಮೊಮ್ಮಗಳನ್ನೂ ಕರೆದುಕೊಂಡು ಹೋಗಿದ್ದೆ. ದೊಡ್ಡಮ್ಮ ಅದನ್ನು ಮೊದಲ ಸಲ ನೋಡಿದ್ದು ಹೈಸ್ಕೂಲ್‌ನಲ್ಲಿದ್ದಾಗ. ಮೊಮ್ಮಗಳಿಗೆ ಆಗ ಹತ್ತೊಂಬತ್ತು.

ಅಂಬರೀಷ್ ಬಂದರು. ಜಲೀಲನ ಪಾತ್ರ. ದಾರಿಯಲ್ಲಿ ಹೋಗುವ ಅಲಮೇಲುವನ್ನು "ಬುಲ್ ಬುಲ್" ಅಂತ ಕರೆದು ಕಾಡಿಸುವ ಪುಂಡ. ಆ ಮಾತು ಬಂದದ್ದೇ ತಡ, ಥಿಯೇಟರ್ ಪೂರ್ತಿ ಶಿಳ್ಳೆ. ದೊಡ್ಡಮ್ಮನೂ ನಕ್ಕರು. ಹುಡುಗಿ ನನ್ನ ಕಡೆ ತಿರುಗಿ, "ಚಿಕ್ಕಪ್ಪಾ, ಹುಡುಗೀರನ್ನ ಚುಡಾಯಿಸೋನಿಗೆ ಯಾಕೆ ಇಷ್ಟೊಂದು ಶಿಳ್ಳೆ?" ಅಂದಳು.

ತಮಾಷೆ ಏನೆಂದರೆ, ಸಿನಿಮಾ ಜಲೀಲನ ಪರ ಇಲ್ಲವೇ ಇಲ್ಲ. ಅವನಿಗೆ ರಾಮಾಚಾರಿಯಿಂದ ಸರಿಯಾಗಿ ಏಟು ಬೀಳುತ್ತದೆ. ಶಿಳ್ಳೆ ಬಿದ್ದದ್ದು ಜಲೀಲನಿಗಲ್ಲ, ಅಂಬರೀಷ್‌ಗೆ. ಆಮೇಲಿನ ನಲವತ್ತು ಚಿಲ್ಲರೆ ವರ್ಷಗಳ ಅಂಬರೀಷ್‌ಗೆ. ಜನ ಆ ಇಡೀ ವರ್ಷಗಳನ್ನು ಜೇಬಿನಲ್ಲಿಟ್ಟುಕೊಂಡು ಬಂದಿದ್ದರು. ಹುಡುಗಿಯ ಜೇಬಿನಲ್ಲಿ ಅದು ಇರಲಿಲ್ಲ. ಅವಳಿಗೆ ಕಂಡದ್ದು ಬಸ್‌ಸ್ಟ್ಯಾಂಡಿನಲ್ಲಿ ದಿನಾ ಕಾಣುವ ಒಬ್ಬ ಪೋಕರಿ. ಯಾರು ನೋಡಿದ್ದು ಸರಿ? ನಾನಂತೂ ಶಿಳ್ಳೆ ಹೊಡೆದವನು, ನನ್ನನ್ನು ಕೇಳಬೇಡಿ.

ದೊಡ್ಡ ಜಗಳ ಆದದ್ದು ಚಾಮಯ್ಯ ಮೇಷ್ಟ್ರ ವಿಷಯದಲ್ಲಿ. ಕೆ.ಎಸ್. ಅಶ್ವತ್ಥ್ ಮಾಡಿದ ಪಾತ್ರ. ಕತೆ ಗೊತ್ತಲ್ಲ, ರಾಮಾಚಾರಿ ಅಲಮೇಲುವನ್ನು ಪ್ರೀತಿಸುತ್ತಾನೆ. ಜಾತಿ ಬೇರೆ. ಮೇಷ್ಟ್ರು ಅವನ ಮನಸ್ಸು ತಿರುಗಿಸುತ್ತಾರೆ, ಅವನು ಬಿಟ್ಟುಕೊಡುತ್ತಾನೆ. ಅವಳ ಮದುವೆ ಬೇರೆಯವನ ಜೊತೆ ಆಗುತ್ತದೆ. ಮುಂದೆ ಅವಳು ರಾಮಾಚಾರಿಗೆ ಸಿಗುವುದು ಮೈ ಮಾರಿ ಬದುಕುವ ಸ್ಥಿತಿಯಲ್ಲಿ. ಆಮೇಲೆ ಮಾರ್ಗರೆಟ್ ಬರುತ್ತಾಳೆ. ಅವಳು ಕ್ರಿಶ್ಚಿಯನ್, ಮೇಷ್ಟ್ರು ಮತ್ತೆ ಅಡ್ಡ. ಕೊನೆಗೆ ಬೆಟ್ಟದ ಮೇಲೆ ಮೇಷ್ಟ್ರೂ ಉಳಿಯುವುದಿಲ್ಲ, ಅವರಿಬ್ಬರೂ ಉಳಿಯುವುದಿಲ್ಲ.

ಹೊರಗೆ ಬಂದಾಗ ದೊಡ್ಡಮ್ಮನ ಸೆರಗು ಒದ್ದೆ. ಮೊಮ್ಮಗಳ ಮುಖ ಕೆಂಪು.

"ಅಜ್ಜಿ, ಆ ಮೇಷ್ಟ್ರೇ ಅಲ್ವಾ ಎಲ್ಲರ ಬಾಳು ಹಾಳು ಮಾಡಿದ್ದು? ಅವರಿಗ್ಯಾಕೆ ಅಳ್ತೀರಾ?"

"ಹಂಗನ್ಬ್ಯಾಡ. ಆ ಹುಡುಗನ್ನ ಅವರಷ್ಟು ಪ್ರೀತಿ ಮಾಡ್ದೋರು ಯಾರಿದ್ರು ಹೇಳು?"

ಆಟೋ ಸಿಗುವವರೆಗೂ ಇದೇ ಮಾತು. ನನಗೆ ಅನ್ನಿಸಿದ್ದು, ಇಬ್ಬರೂ ಸಿನಿಮಾವನ್ನು ಸರಿಯಾಗಿಯೇ ನೋಡಿದ್ದಾರೆ. ಮೇಷ್ಟ್ರ ಪ್ರೀತಿ ನಿಜ, ಆ ಪ್ರೀತಿಯೇ ಮೂರು ಜೀವ ತೆಗೆದದ್ದೂ ನಿಜ. ಎರಡನ್ನೂ ಪುಟ್ಟಣ್ಣ ತೋರಿಸುತ್ತಾರೆ. ಆದರೆ ಮೇಷ್ಟ್ರ ಮೇಲೆ ಅವರಿಗೆ ಪ್ರೀತಿ ಸ್ವಲ್ಪ ಜಾಸ್ತಿ ಅಂತ ನನ್ನ ಅನಿಸಿಕೆ. ಅಶ್ವತ್ಥ್ ಅವರ ಆ ಮುಖವನ್ನು ಹತ್ತಿರದಿಂದ ತೋರಿಸಿದ ಮೇಲೆ ಅವರನ್ನು ಬೈಯುವುದು ಯಾರಿಗೆ ಸುಲಭ? ಹುಡುಗಿಗೆ ಸಿಟ್ಟು ಬಂದದ್ದು ಆ 'ಸ್ವಲ್ಪ ಜಾಸ್ತಿ'ಗೆ. ಮೇಷ್ಟ್ರನ್ನು ಕ್ಷಮಿಸು ಅಂತ ಸಿನಿಮಾ ಅವಳನ್ನು ಒತ್ತಾಯ ಮಾಡಿತು, ಅವಳು ಮಾಡಲಿಲ್ಲ. ದೊಡ್ಡಮ್ಮನಿಗೆ ಒತ್ತಾಯ ಅನ್ನಿಸಲೇ ಇಲ್ಲ, ಅವರು ಅಂಥ ಮೇಷ್ಟ್ರುಗಳ ಮಾತು ಕೇಳಿಕೊಂಡೇ ಬೆಳೆದವರು.

ಇದೇ ಕತೆಯನ್ನು ಪುಟ್ಟಣ್ಣನೇ 1974ರಲ್ಲಿ ಹಿಂದಿಯಲ್ಲಿ ಮಾಡಿದರು, 'ಜಹರೀಲಾ ಇನ್ಸಾನ್' ಅಂತ. ರಿಷಿ ಕಪೂರ್ ನಾಯಕ. ಚಿತ್ರದುರ್ಗಕ್ಕೇ ಹೋಗಿ ಚಿತ್ರೀಕರಣ ಮಾಡಿದರು. ಓಡಲಿಲ್ಲ. ಕಾರಣ ಹತ್ತಾರು ಇರಬಹುದು. ನನಗೆ ತೋಚುವುದು ಒಂದು. ಆ ಕೋಟೆಯ ಕಲ್ಲು ಕಂಡರೆ ನಮಗೆ ಓಬವ್ವ ನೆನಪಾಗುತ್ತಾಳೆ, ಒನಕೆ ನೆನಪಾಗುತ್ತದೆ. ಬೇರೆಯವರಿಗೆ ಅದು ನೋಡೋಕೆ ಚೆಂದದ ಬಂಡೆ.

ಈಗಿನ ಜಗಳಗಳೂ ಇದೇ ಜಾತಿಯವು. ಸಂದೀಪ್ ರೆಡ್ಡಿ ವಂಗಾ ಅವರ 'ಅರ್ಜುನ್ ರೆಡ್ಡಿ' (2017), ಅದರ ಹಿಂದಿ ರೂಪ 'ಕಬೀರ್ ಸಿಂಗ್' (2019), ಆಮೇಲೆ 'ಅನಿಮಲ್' (2023). ಮೂರಕ್ಕೂ ಜನ ಮುಗಿಬಿದ್ದರು, ಮೂರನ್ನೂ ಜನ ಛೀ ಅಂದರು. ಮೆಚ್ಚುವವರು ಹೇಳುವುದು, "ಅಂಥ ಮನುಷ್ಯ ಇರ್ತಾನೆ, ಇದ್ದ ಹಾಗೆ ತೋರಿಸಿದ್ದಾರೆ" ಅಂತ. ಬೈಯುವವರು ಹೇಳುವುದು, "ತೋರಿಸಿ, ಬೇಡ ಅಂದವರ್ಯಾರು? ಅವನಿಗೆ ಆರತಿ ಎತ್ತಬೇಡಿ" ಅಂತ. ಒಬ್ಬರು ಪಾತ್ರದ ಬಗ್ಗೆ ಮಾತಾಡುತ್ತಿದ್ದಾರೆ, ಇನ್ನೊಬ್ಬರು ಹಿನ್ನೆಲೆ ಸಂಗೀತದ ಬಗ್ಗೆ. ಬೆಳಗಾಗುವವರೆಗೂ ವಾದ ಮಾಡಿದರೂ ಅದು ಮುಗಿಯುವುದಿಲ್ಲ. ನಾನು ಆರತಿ ಬೇಡ ಅನ್ನುವವರ ಕಡೆ, ಮುಚ್ಚಿಡುವುದೇನು.

ಕೆಲವೊಮ್ಮೆ ಒಂದೇ ದೃಶ್ಯ ಸಾಕು. 'ಕಾಂತಾರ' (2022) ಬಂದಾಗ ಕೊನೆಯ ದೈವದ ದೃಶ್ಯಕ್ಕೆ ಜನ ಕೂತಲ್ಲೇ ಕೈ ಮುಗಿದರು. ನನ್ನ ಗೆಳತಿಯೊಬ್ಬಳು ಮಾತ್ರ ಸಪ್ಪಗೆ ಹೊರಗೆ ಬಂದಳು. ನಾಯಕ ಲೀಲಾಳ ಸೊಂಟ ಚಿವುಟುವ ದೃಶ್ಯದಲ್ಲೇ ಅವಳ ಮನಸ್ಸು ಮುರಿದಿತ್ತು. ಅಲ್ಲಿಂದ ಮುಂದೆ ಅವನು ಏನು ಮಾಡಿದರೂ ಅವಳಿಗೆ ಬೇಕಾಗಿರಲಿಲ್ಲ. ಪಾಯಸದಲ್ಲಿ ಕೂದಲು ಸಿಕ್ಕ ಹಾಗೆ. ಉಳಿದ ಪಾಯಸ ಎಷ್ಟೇ ಚೆನ್ನಾಗಿರಲಿ, ಯಾರು ತಿನ್ನುತ್ತಾರೆ?

ಇನ್ನೊಂದು ಬಗೆಯ ಸಿಟ್ಟು ಇದೆ, "ನಮ್ಮವರನ್ನ ಹೀಗೆ ತೋರಿಸ್ತೀರಾ?" ಅನ್ನುವುದು. ಅನಂತಮೂರ್ತಿಯವರ ಕಾದಂಬರಿ ಆಧರಿಸಿ ಪಟ್ಟಾಭಿರಾಮ ರೆಡ್ಡಿ ಮಾಡಿದ 'ಸಂಸ್ಕಾರ' (1970) ಸಿನಿಮಾಗೆ ಮದ್ರಾಸಿನ ಸೆನ್ಸಾರ್ ಮಂಡಳಿ ಮೊದಲು ಸರ್ಟಿಫಿಕೇಟ್ ಕೊಡಲಿಲ್ಲ. ಮಾಧ್ವ ಅಗ್ರಹಾರದ ಕತೆ, ಜಾತಿಯ ವಿಷಯ, ಗಲಾಟೆ ಆದೀತು ಅನ್ನುವ ಭಯ. ಕೊನೆಗೆ ಕೇಂದ್ರ ಸರ್ಕಾರದ ಮಟ್ಟದಲ್ಲಿ ಆ ನಿಷೇಧ ತೆಗೆದರು. ಅದೇ ಸಿನಿಮಾಗೆ ದೇಶದ ಅತ್ಯುತ್ತಮ ಚಿತ್ರ ಅಂತ ರಾಷ್ಟ್ರಪ್ರಶಸ್ತಿ ಬಂತು, ಕನ್ನಡಕ್ಕೆ ಅದು ಮೊದಲನೆಯದು. ಜನ ನೋಡುವ ಮೊದಲೇ ಬೇಡ ಅನ್ನಿಸಿಕೊಂಡದ್ದು ಕೊನೆಗೆ ದೇಶಕ್ಕೇ ಒಳ್ಳೆಯದು ಅನ್ನಿಸಿಕೊಂಡಿತು.

ಎಲ್ಲ ಸಿಟ್ಟೂ ಇಷ್ಟು ಗಂಭೀರ ಅಲ್ಲ, ಅದನ್ನೂ ಹೇಳಿಬಿಡಬೇಕು. ಎಷ್ಟೋ ಸಲ ನಾವು ಮಸಾಲೆ ದೋಸೆ ಅಂದುಕೊಂಡು ಕೂತಿರುತ್ತೇವೆ, ಬರುವುದು ನೀರುದೋಸೆ. ರಕ್ಷಿತ್ ಶೆಟ್ಟಿಯವರ 'ಉಳಿದವರು ಕಂಡಂತೆ' 2014ರಲ್ಲಿ ಬಂದಾಗ ನನಗೆ ತಲೆನೋವು ಬಂದಿತ್ತು. ಒಂದು ಘಟನೆ, ಅದನ್ನು ಬೇರೆ ಬೇರೆಯವರು ಕಂಡ ಬಗೆ. ಮಲ್ಪೆಯ ಕಡಲು, ಆ ಕಡೆಯ ಮಾತು. ನಾನು ಗ್ಯಾಂಗ್‌ಸ್ಟರ್ ಫೈಟ್ ನೋಡೋಣ ಅಂತ ಹೋಗಿದ್ದವನು. ಥಿಯೇಟರ್‌ಗಳಲ್ಲಿ ಅದು ಹೆಚ್ಚು ದುಡಿಯಲಿಲ್ಲ. ಎರಡು ವರ್ಷ ಬಿಟ್ಟು ಮನೆಯಲ್ಲಿ ಮಳೆಗಾಲದ ಒಂದು ರಾತ್ರಿ ನೋಡಿದೆ. ಎಷ್ಟು ಚೆನ್ನಾಗಿದೆ ಅನ್ನಿಸಿತು! ಸಿನಿಮಾದ ಒಂದು ಫ್ರೇಮೂ ಬದಲಾಗಿರಲಿಲ್ಲ. ಹುಲಿ ವೇಷದ ಆ ಕುಣಿತಕ್ಕಾಗಿ ಈಗಲೂ ಆಗಾಗ ಹಾಕಿಕೊಳ್ಳುತ್ತೇನೆ. ನಮ್ಮ ರಾಮನಗರದ ಬಂಡೆಗಳ ನಡುವೆ ತಯಾರಾದ 'ಶೋಲೆ'ಗೂ 1975ರ ಆಗಸ್ಟ್‌ನಲ್ಲಿ ಮೊದಲು ಬಂದ ವಿಮರ್ಶೆಗಳು ಚೆನ್ನಾಗಿರಲಿಲ್ಲ. ಇಬ್ಬರು ನಾಯಕರಲ್ಲಿ ಒಬ್ಬನಾದ ಜಯ್ ಸಾಯದ ಹಾಗೆ ಕೊನೆಯನ್ನೇ ಬದಲಿಸಿಬಿಡೋಣವಾ ಅಂತ ಮಾಡಿದವರೇ ಯೋಚಿಸಿದ್ದರು. ಆಮೇಲೆ ಬಾಂಬೆಯ ಮಿನರ್ವಾದಲ್ಲಿ ಅದು ಐದು ವರ್ಷ ಓಡಿತು.

"ಮತ್ತೆ ರೇಟಿಂಗ್ ಅಷ್ಟಿತ್ತಲ್ಲ?" ಅಂತ ನೀವು ಕೇಳಬಹುದು. ರೇಟಿಂಗ್ ನೋಡುವಾಗ ಎರಡು ವಿಷಯ ತಲೆಯಲ್ಲಿರಲಿ. ವಿಮರ್ಶಕರ ಅಭಿಪ್ರಾಯಗಳನ್ನು ಒಟ್ಟುಹಾಕುವ ವೆಬ್‌ಸೈಟ್ ರಾಟನ್ ಟೊಮ್ಯಾಟೋಸ್‌ನಲ್ಲಿ 90% ಅಂತ ಇದ್ದರೆ ಸಿನಿಮಾಗೆ ನೂರಕ್ಕೆ ತೊಂಬತ್ತು ಅಂಕ ಸಿಕ್ಕಿದೆ ಅಂತ ಅಲ್ಲ. ನೂರು ವಿಮರ್ಶಕರಲ್ಲಿ ತೊಂಬತ್ತು ಜನ "ಪರವಾಗಿಲ್ಲ" ಅಥವಾ ಅದಕ್ಕಿಂತ ಮೇಲೆ ಅಂದಿದ್ದಾರೆ ಅಂತ. ತೊಂಬತ್ತೂ ಜನ "ಪರವಾಗಿಲ್ಲ" ಅಂತಷ್ಟೇ ಅಂದಿರಬಹುದು. ಇನ್ನೊಂದು, ಸರಾಸರಿಯ ಮೋಸ. ಐವತ್ತು ಜನ 9 ಕೊಟ್ಟು ಐವತ್ತು ಜನ 1 ಕೊಟ್ಟರೆ ಸರಾಸರಿ 5. ನೂರಕ್ಕೆ ನೂರು ಜನ 5 ಕೊಟ್ಟರೂ ಸರಾಸರಿ 5. ಮೊದಲನೆಯದು ಮನೆಮನೆಯಲ್ಲಿ ಜಗಳ ಹಚ್ಚಿದ ಸಿನಿಮಾ, ಎರಡನೆಯದು ಬಸ್ಸಿನಲ್ಲಿ ನಿದ್ದೆ ಮಾಡುತ್ತಾ ನೋಡುವ ಸಿನಿಮಾ. ಅಂಕ ಒಂದೇ. ಸುಮ್ನೆ ನೋಡಿ ಬಂದವರು ರೇಟಿಂಗ್ ಒತ್ತುವ ಗೋಜಿಗೇ ಹೋಗುವುದಿಲ್ಲ. ಒತ್ತುವವರು ಹುಚ್ಚು ಹಿಡಿದವರು ಅಥವಾ ಸಿಟ್ಟಾದವರು. ಹಾಗಾಗಿ "ಎಲ್ಲರೂ" ಮೆಚ್ಚಿದರು ಅನ್ನುವ ಮಾತನ್ನು ಅಷ್ಟಾಗಿ ನಂಬಬೇಡಿ. ನಿಮ್ಮ ಆಫೀಸಿನಲ್ಲೂ ಒಬ್ಬಿಬ್ಬರು ಬಾಯಿ ಮುಚ್ಚಿಕೊಂಡು ಕೂತಿರುತ್ತಾರೆ, ಸುಮ್ನೆ ಯಾಕೆ ಜಗಳ ಅಂತ.

ಮನೆಯವರ ಜೊತೆ ಹೇಗೆ ಮಾತಾಡುವುದು ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. "ಸಿನಿಮಾ ಡಬ್ಬಾ" ಅನ್ನಬೇಡಿ. ಯಾವ ದೃಶ್ಯದಲ್ಲಿ ಕೈ ಮೇಲೇಳಲಿಲ್ಲ ಅಂತ ಹೇಳಿ. ಅವರಿಗೆ ಯಾವ ದೃಶ್ಯದಲ್ಲಿ ನೀರು ಬಂತು ಅಂತ ಕೇಳಿ. ನಮ್ಮ ಮನೆಯಲ್ಲಿ ಹಾಗೆ ಆದದ್ದು ಬೇಕು ಅಂತ ಮಾಡಿದ್ದಲ್ಲ. ಆ ದಿನ ಆಟೋದಲ್ಲಿ ಹುಡುಗಿ ತಡೆಯಲಾರದೆ ಕೇಳಿದಳು, "ಅಜ್ಜಿ, ಮೊದಲ ಸಲ ನೋಡಿದಾಗಲೂ ಮೇಷ್ಟ್ರಿಗೇ ಅತ್ತಿದ್ರಾ?"

ದೊಡ್ಡಮ್ಮ ಸ್ವಲ್ಪ ಹೊತ್ತು ರಸ್ತೆ ನೋಡಿದರು. "ಇಲ್ಲ ಕಣೆ. ಆವಾಗ ಅಲಮೇಲು ಮ್ಯಾಲೆ ಸಿಟ್ಟು ಬಂದಿತ್ತು. ಬಾಯಿ ಬಿಡದೆ ಹೋಗಿ ತಾಳಿ ಕಟ್ಟಿಸ್ಕೊಂಡಳಲ್ಲ ಅಂತ."

ಹುಡುಗಿ ಮುಂದೇನೋ ಕೇಳಬೇಕು ಅಂತಿದ್ದಳು. ಅಷ್ಟರಲ್ಲಿ ಮನೆ ಬಂತು, ಮೀಟರ್ ಮೇಲೆ ಇಪ್ಪತ್ತು ರೂಪಾಯಿ ಕೇಳಿದ ಆಟೋದವರ ಜೊತೆ ದೊಡ್ಡಮ್ಮನ ಹೊಸ ಜಗಳ ಶುರುವಾಯಿತು.