ಇಲಿ ಬದುಕಿತು ಸರಿ, ಸಾರ ಕುಡಿಸಿದ್ದು ಯಾವಾಗ?

ನೆಲನೆಲ್ಲಿಯ ಒಂದು ಕಡ್ಡಿ ಕಿತ್ತು ಮಗುಚಿ ನೋಡಿ. ಎಲೆಗಳ ಅಡಿಯಲ್ಲಿ ಸಾಸಿವೆಗಿಂತ ತುಸು ದಪ್ಪನೆಯ ಹಸಿರು ಕಾಯಿಗಳು ಸಾಲಾಗಿ ಜೋತುಬಿದ್ದಿರುತ್ತವೆ. ಕಾಮಾಲೆ ಎಂದೊಡನೆ ನಮ್ಮ ಊರುಗಳಲ್ಲಿ ಮೊದಲು ನೆನಪಾಗುವ ಗಿಡ ಇದು. ಈಗ ಇದರ ಕೀರ್ತಿ ಇನ್ನೂ ಬೆಳೆದಿದೆ. ನೆಲನೆಲ್ಲಿ, ನೆಲಬೇವು, ಕಟುಕರೋಹಿಣಿಗಳ ಸಾರವು ಮಾತ್ರೆಗಳಿಂದ ಹಾಳಾಗುವ ಯಕೃತ್ತನ್ನು ಕಾಪಾಡುತ್ತದೆ, ಪ್ರಯೋಗಾಲಯದಲ್ಲೇ ಸಾಬೀತಾಗಿದೆ ಎಂಬ ಮಾತು ಮೊಬೈಲ್‌ನಿಂದ ಮೊಬೈಲ್‌ಗೆ ಹರಿದಾಡುತ್ತಿದೆ. ಪ್ರಯೋಗಗಳು ನಡೆದಿರುವುದು ನಿಜ. ಅವುಗಳಲ್ಲಿ ಏನು ಮಾಡಿದರೆಂದು ಕೇಳದೆ ಫಲಿತಾಂಶವನ್ನಷ್ಟೇ ಹಂಚುವುದನ್ನು ಕಂಡಾಗ ನನಗೆ ತಾಳ್ಮೆ ತಪ್ಪುತ್ತದೆ.

ಎಷ್ಟೋ ಪ್ರಯೋಗಗಳು ನಡೆಯುವುದು ಹೀಗೆ. ಇಲಿಗಳಿಗೆ ಕೆಲವು ದಿನ ಗಿಡದ ಸಾರ ಕುಡಿಸುತ್ತಾರೆ. ಆಮೇಲೆ ಭಾರೀ ಪ್ರಮಾಣದ ಪ್ಯಾರಾಸಿಟಮಾಲ್ ಕೊಡುತ್ತಾರೆ. ನಂತರ ಯಕೃತ್ತಿನ ಕೋಶಗಳು ಹಾಳಾದಾಗ ರಕ್ತಕ್ಕೆ ಸೋರುವ ಎಸ್‌ಜಿಪಿಟಿ ಎಂಬ ವಸ್ತುವನ್ನು ಅಳೆದು, ಯಕೃತ್ತಿನ ತೆಳು ಹೋಳನ್ನು ಸೂಕ್ಷ್ಮದರ್ಶಕದಡಿ ಇಡುತ್ತಾರೆ. ಸಾರ ಕುಡಿಯದ ಪ್ರಾಣಿಯ ಹೋಳಿನಲ್ಲಿ, ರಕ್ತ ಹೊರಹರಿಯುವ ಪುಟ್ಟ ನಾಳಗಳ ಸುತ್ತ ಸತ್ತ ಕೋಶಗಳ ಮಂಕು ಬಳೆ ಕಾಣುತ್ತದೆ. ಸಾರ ಕುಡಿದದ್ದರಲ್ಲಿ ಆ ಬಳೆ ಕಿರಿದಾಗಿರುತ್ತದೆ.

ಬಳೆ ಅಲ್ಲೇ ಏಕೆ ಮೂಡುತ್ತದೆ? ಇಡೀ ಕಥೆಯ ಬೀಗದಕೈ ಈ ಪ್ರಶ್ನೆಯಲ್ಲಿದೆ. ಪ್ಯಾರಾಸಿಟಮಾಲ್ ತಾನಾಗಿ ಯಕೃತ್ತನ್ನು ಕೊಲ್ಲುವುದಿಲ್ಲ. ನುಂಗಿದ ಮಾತ್ರೆಯ ಬಹುಪಾಲನ್ನು ಯಕೃತ್ತು ನೀರಿನಲ್ಲಿ ಕರಗುವಂತೆ ಮಾರ್ಪಡಿಸಿ ಮೂತ್ರದ ದಾರಿ ಹಿಡಿಸುತ್ತದೆ. ಸಣ್ಣದೊಂದು ಪಾಲು ಸಿವೈಪಿ2ಇ1 ಎಂಬ ಕಿಣ್ವದ ಕೈಗೆ ಸಿಕ್ಕಿ, ಎನ್‌ಎಪಿಕ್ಯುಐ ಎಂಬ ಉಗ್ರ ಅಣುವಾಗುತ್ತದೆ. ಆ ಕಿಣ್ವ ದಟ್ಟವಾಗಿರುವುದು ಅದೇ ನಾಳಗಳ ಸುತ್ತ. ಅಂದರೆ ವಿಷ ಹುಟ್ಟಿದ ಜಾಗದಲ್ಲೇ ಕೋಶ ಸಾಯುತ್ತದೆ.

ಈ ಅಣುವನ್ನು ಹಟ್ಟಿಯೊಳಗೆ ನುಗ್ಗಿದ ಗೂಳಿ ಎಂದುಕೊಳ್ಳಿ. ಅದನ್ನು ಕಟ್ಟಿಹಾಕುವ ಹಗ್ಗ, ಕೋಶದೊಳಗೇ ಇರುವ ಗ್ಲುಟಾಥಯೋನ್ ಎಂಬ ಅಣು. ಹಗ್ಗದ ಗಂಟು ಬೀಳುವುದು ಅದರಲ್ಲಿರುವ ಒಂದೇ ಒಂದು ಗಂಧಕದ ಪರಮಾಣುವಿನಲ್ಲಿ. ಒಂದು ಗೂಳಿಗೆ ಒಂದು ಹಗ್ಗ, ಹೊರಗೆ ಅಟ್ಟಿದ ಗೂಳಿಯ ಜೊತೆ ಹಗ್ಗವೂ ಹೋಗುತ್ತದೆ. ಮಿತಿಯಲ್ಲಿ ನುಂಗಿದರೆ ತೊಂದರೆಯಿಲ್ಲ, ಕೋಶ ಹೊಸ ಹಗ್ಗ ಹೊಸೆದುಕೊಳ್ಳುತ್ತದೆ. ಮಿತಿ ಮೀರಿ ನುಂಗಿದಾಗ ಸುಗ್ಗಿಗೆ ಮೊದಲೇ ಕಣಜ ಬರಿದಾದಂತೆ ಹಗ್ಗ ಮುಗಿದುಹೋಗುತ್ತದೆ. ಆಮೇಲೆ ಗೂಳಿ ಕೋಶದ ಪ್ರೋಟೀನುಗಳ ಮೇಲೇ ಹಾಯುತ್ತದೆ. ಶಕ್ತಿ ತಯಾರಿಸುವ ಮೈಟೊಕಾಂಡ್ರಿಯ ಕುಸಿಯುತ್ತದೆ, ಮನೆಯ ಒಲೆ ಆರಿದಂತೆ.

ಅತಿಯಾದ ಪ್ಯಾರಾಸಿಟಮಾಲ್‌ನಿಂದ ಯಕೃತ್ತು ಹಾಳಾಗುವುದನ್ನು ಸ್ಕಾಟ್ಲೆಂಡಿನ ವೈದ್ಯರಾದ ಡೇವಿಡ್‌ಸನ್ ಮತ್ತು ಈಸ್ಟ್‌ಹ್ಯಾಮ್ 1966ರಲ್ಲಿ ವರದಿ ಮಾಡಿದರು. 1973ರಲ್ಲಿ ಅಮೆರಿಕದ ಸಂಶೋಧಕರು ಈ ಹಗ್ಗದ ಲೆಕ್ಕವನ್ನು ಬಿಡಿಸಿದರು. ಅದೇ ದಶಕದಲ್ಲಿ ಎಡಿನ್‌ಬರೊದ ಲಾರಿ ಪ್ರೆಸ್ಕಾಟ್ ಮತ್ತು ಸಂಗಡಿಗರು ಎನ್-ಅಸಿಟೈಲ್‌ಸಿಸ್ಟೀನನ್ನು ರೋಗಿಗಳಿಗೆ ಕೊಟ್ಟು ಗೆದ್ದರು. ಅದು ಹಗ್ಗ ಹೊಸೆಯಲು ಬೇಕಾದ ನಾರು! ಮಾತ್ರೆ ನುಂಗಿದ 8 ಗಂಟೆಗಳೊಳಗೆ ಕೊಟ್ಟರೆ ಯಕೃತ್ತು ಬಹುತೇಕ ಖಂಡಿತವಾಗಿ ಉಳಿಯುತ್ತದೆ. ಎಲ್ಲಿ ಏನು ಮುಗಿಯಿತೆಂದು ತಿಳಿದದ್ದರಿಂದ ಸಿಕ್ಕಿದ ಮದ್ದು ಇದು. ನೆನೆದಾಗಲೆಲ್ಲ ನನಗೆ ರೋಮಾಂಚನವಾಗುತ್ತದೆ.

ಈಗ ಗಿಡದ ಸಾರಕ್ಕೆ ಮರಳೋಣ. ಇಲಿಗೆ ಮೊದಲೇ ಕುಡಿಸಿದ ಸಾರ ಎರಡು ರೀತಿ ಕೆಲಸ ಮಾಡಿರಬಹುದು. ಹಗ್ಗ ಹೆಚ್ಚಿಸಿರಬಹುದು. ಇಲ್ಲವೇ ಸಿವೈಪಿ2ಇ1 ಕಿಣ್ವವನ್ನೇ ತಡೆದು ಗೂಳಿ ಹುಟ್ಟದಂತೆ ಮಾಡಿರಬಹುದು. ಎಸ್‌ಜಿಪಿಟಿ ಎರಡರಲ್ಲೂ ಕಡಿಮೆಯೇ ಬರುತ್ತದೆ. ಆದರೆ ರಾತ್ರಿ ಹಿಡಿಗಟ್ಟಲೆ ಮಾತ್ರೆ ನುಂಗಿ ಬೆಳಿಗ್ಗೆ ಆಸ್ಪತ್ರೆಗೆ ಬರುವವನ ಯಕೃತ್ತಿನಲ್ಲಿ ಗೂಳಿಗಳು ಆಗಲೇ ಹುಟ್ಟಿರುತ್ತವೆ. ಕಿಣ್ವ ತಡೆಯುವ ಸಾರದಿಂದ ಅವನಿಗೆ ಹೆಚ್ಚೇನೂ ಸಿಗದು. ಇನ್ನೂ ಒಂದು ತೊಡಕಿದೆ. ಸಾರ ಕರಗಿಸಲು ಬಳಸುವ ಡಿಎಂಎಸ್‌ಒ ಎಂಬ ದ್ರಾವಕ ತಾನೇ ಈ ಕಿಣ್ವವನ್ನು ತಡೆಯುತ್ತದೆ. ಹೋಲಿಕೆಯ ಗುಂಪಿಗೂ ಅಷ್ಟೇ ದ್ರಾವಕ ಕೊಡದಿದ್ದರೆ ದ್ರಾವಕ ಮಾಡಿದ ಕೆಲಸದ ಹೊಗಳಿಕೆ ಗಿಡಕ್ಕೆ ಹೋಗುತ್ತದೆ.

ನೆಲನೆಲ್ಲಿಯ ಹೆಸರು ಒಮ್ಮೆ ಜಗತ್ತಿಗೇ ಕೇಳಿಸಿತ್ತು. ಹೆಪಟೈಟಿಸ್ ಬಿ ವೈರಾಣುವಿನ ಸುಳಿವು ಹಿಡಿದು ನೊಬೆಲ್ ಪಡೆದ ಬ್ಲೂಂಬರ್ಗ್ ಮತ್ತು ಚೆನ್ನೈನ ತ್ಯಾಗರಾಜನ್ 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಈ ಗಿಡ ಸೇವಿಸಿದ 37 ಮಂದಿಯಲ್ಲಿ 22 ಮಂದಿಯ ರಕ್ತದಿಂದ ವೈರಾಣುವಿನ ಗುರುತು ಮಾಯವಾಗಿತ್ತು. ಬೇರೆಯವರು ಮತ್ತೆ ಮಾಡಿ ನೋಡಿದಾಗ ಆ ಫಲ ಬರಲಿಲ್ಲ. ಇನ್ನು ಹೆಪಟೈಟಿಸ್ ಎ ಕಾಮಾಲೆ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತಾನಾಗಿ ಇಳಿಯುತ್ತದೆ; ಆಗ ಯಾವ ಕಷಾಯ ಕುಡಿದಿದ್ದರೂ ಹೆಸರು ಅದಕ್ಕೇ. ಗಿಡಮೂಲಿಕೆಗೆ ಅಡ್ಡಪರಿಣಾಮ ಇಲ್ಲವೆಂಬ ನಂಬಿಕೆಯಂತೂ ಅಪಾಯದ್ದು. ಕೋವಿಡ್ ಕಾಲದಲ್ಲಿ ಅಮೃತಬಳ್ಳಿ ಸೇವಿಸಿ ಯಕೃತ್ತಿಗೆ ಪೆಟ್ಟು ಬಿದ್ದ 6 ರೋಗಿಗಳ ಬಗ್ಗೆ ಮುಂಬೈ ವೈದ್ಯರು 2021ರಲ್ಲಿ ಬರೆದರು.

ಹಾಗಾದರೆ ಮುಂಚಿತವಾಗಿ ಕೊಡುವ ಸಾರಕ್ಕೆ ಜಾಗವೇ ಇಲ್ಲವೇ? ಇದೆ, ಕ್ಷಯದ ಚಿಕಿತ್ಸೆಯಲ್ಲಿ. ಐಸೊನಿಯಜಿಡ್, ರಿಫಾಂಪಿಸಿನ್, ಪೈರಾಜಿನಮೈಡ್ ಮೂರೂ ಯಕೃತ್ತನ್ನು ನೋಯಿಸಬಲ್ಲವು, ಚಿಕಿತ್ಸೆ ತಿಂಗಳುಗಟ್ಟಲೆ ನಡೆಯುತ್ತದೆ. ಮೊದಲ ಮಾತ್ರೆ ಯಾವ ದಿನವೆಂದು ಇಲ್ಲಿ ಮೊದಲೇ ಗೊತ್ತಿರುತ್ತದೆ. ಆದರೆ ಯಕೃತ್ತಿನ ಕಿಣ್ವಗಳಿಗೆ ಕೈಹಾಕುವ ಸಾರ ಔಷಧದ ಮಟ್ಟವನ್ನೂ ಏರುಪೇರು ಮಾಡಬಹುದು. ಸಾರದೊಂದಿಗೆ ಕೊಟ್ಟಾಗ ರಕ್ತದಲ್ಲಿ ಔಷಧ ಎಷ್ಟು ಉಳಿಯಿತು, ಕಫದಿಂದ ಕ್ಷಯದ ಬ್ಯಾಕ್ಟೀರಿಯ ಎಷ್ಟು ವಾರಕ್ಕೆ ಮರೆಯಾಯಿತು? ಎಸ್‌ಜಿಪಿಟಿಯ ಪಕ್ಕದಲ್ಲಿ ಈ ಎರಡು ಅಂಕಿಗಳನ್ನೂ ಕೊಡುವ ಪ್ರಬಂಧ ಕೈಗೆ ಸಿಕ್ಕರೆ ನಾನು ಕೊನೆಯ ಸಾಲಿನವರೆಗೆ ಓದುತ್ತೇನೆ.