ಮಗಳು ಬೇಗ ದೊಡ್ಡವಳಾದರೆ ಮುಂದೆ ಶುಗರ್ ಬರುತ್ತಾ?

ಪ್ರಶ್ನೆ: ಮಗಳು ಹತ್ತೂವರೆ ವರ್ಷಕ್ಕೇ ದೊಡ್ಡವಳಾದಳು. ನಮ್ಮತ್ತೆಗೂ ಯಜಮಾನರಿಗೂ ಶುಗರ್ ಇದೆ. ಬೇಗ ಮುಟ್ಟಾದವರಿಗೆ ಶುಗರ್ ಗ್ಯಾರಂಟಿ ಅಂತಾರೆ, ನಿಜವಾ? – ತಾಯಿ, ವಿಜಯನಗರ, ಬೆಂಗಳೂರು

ಗ್ಯಾರಂಟಿ ಅನ್ನೋದು ಸುಳ್ಳು. ಸಂಬಂಧ ಇರುವುದು ನಿಜ.

ಯುರೋಪಿನ ಎಂಟು ದೇಶಗಳ ಹೆಂಗಸರ ಮೇಲೆ ನಡೆದ ಇಂಟರ್‌ಆ್ಯಕ್ಟ್ ಅಧ್ಯಯನದ ಫಲಿತಾಂಶ 2013ರಲ್ಲಿ ಬಂತು. ಹದಿಮೂರಕ್ಕೆ ಮುಟ್ಟಾದವರಿಗಿಂತ 8ರಿಂದ 11ರೊಳಗೆ ಮುಟ್ಟಾದವರಲ್ಲಿ ಟೈಪ್ 2 ಡಯಾಬಿಟಿಸ್ ಸುಮಾರು ಶೇ 70ರಷ್ಟು ಜಾಸ್ತಿ ಇತ್ತು. ವಯಸ್ಕರಾದ ಮೇಲಿನ ತೂಕವನ್ನೂ ಲೆಕ್ಕಕ್ಕೆ ತೆಗೆದುಕೊಂಡಾಗ ಅದು ಶೇ 40ರ ಹತ್ತಿರಕ್ಕೆ ಇಳಿಯಿತು. ಅಂದರೆ ಅಪಾಯದಲ್ಲಿ ಒಳ್ಳೇ ಪಾಲು ತೂಕದ್ದೇ. ಮೈಯಲ್ಲಿ ಕೊಬ್ಬು ಹೆಚ್ಚಿದ್ದರೆ ಲೆಪ್ಟಿನ್ ಹಾರ್ಮೋನ್ ಹೆಚ್ಚುತ್ತದೆ, ಮುಟ್ಟು ಬೇಗ ಬರುವುದಕ್ಕೆ ಅದೂ ಒಂದು ಕಾರಣ. ಅದೇ ಕೊಬ್ಬು ಮುಂದೆ ಶುಗರ್‌ಗೂ ದಾರಿ ಮಾಡಿಕೊಡುತ್ತದೆ.

ಇನ್ನೊಂದು ವಿಷಯ. ಈ ವಯಸ್ಸಿನಲ್ಲಿ ಬೆಳವಣಿಗೆಯ ಹಾರ್ಮೋನ್ ಏರುವುದರಿಂದ ಎಲ್ಲಾ ಮಕ್ಕಳಲ್ಲೂ ಇನ್ಸುಲಿನ್ ಕೆಲಸ ಮಂದವಾಗುತ್ತದೆ, ಸುಮಾರು ಮೂರನೇ ಒಂದು ಪಾಲಿನಷ್ಟು. ಮೇದೋಜೀರಕ ಗ್ರಂಥಿ ಜಾಸ್ತಿ ಇನ್ಸುಲಿನ್ ಸುರಿಸಿ ಸರಿದೂಗಿಸುತ್ತದೆ. ಬೆಳವಣಿಗೆ ಮುಗಿದ ಮೇಲೆ ಸಾಮಾನ್ಯವಾಗಿ ಎಲ್ಲಾ ಮೊದಲಿನಂತಾಗುತ್ತದೆ. ತೂಕವೂ ಹೆಚ್ಚಿದ್ದು ಮನೆತನದಲ್ಲಿ ಶುಗರ್ ಇದ್ದವರಿಗೆ ಅದು ಅಷ್ಟು ಸಲೀಸಲ್ಲ.

‘ನಮ್ಮ ಹುಡುಗಿ ದಪ್ಪಗೇನಿಲ್ಲ’ ಅಂತ ಸುಮ್ನೆ ಕೂರಬೇಡಿ. ದೆಹಲಿಯಲ್ಲಿ ಹುಟ್ಟಿನಿಂದ ಹಿಂಬಾಲಿಸಿ ನೋಡಿದವರ ವರದಿ 2004ರಲ್ಲಿ ಪ್ರಕಟವಾಯಿತು. 26–32ರ ವಯಸ್ಸಿಗೇ ಶುಗರ್ ಏರುಪೇರಾಗಿದ್ದವರು ಎರಡು ವರ್ಷದವರೆಗೆ ಸಣಕಲಾಗಿದ್ದವರು. ಆಮೇಲೆ ಬೇಗಬೇಗ ತೂಕ ಏರಿತ್ತು. ಆದರೂ ಹನ್ನೆರಡರ ವಯಸ್ಸಿಗೆ ಅವರಲ್ಲಿ ಒಬ್ಬರೂ ಬೊಜ್ಜಿನವರಾಗಿರಲಿಲ್ಲ! ಹಾಗಾಗಿ ತೂಕದ ಯಂತ್ರಕ್ಕಿಂತ ಸೊಂಟ ನೋಡಿ. ಒಂದು ದಾರದಿಂದ ಅವಳ ಎತ್ತರ ಅಳೆದು, ಅದನ್ನು ಅರ್ಧಕ್ಕೆ ಮಡಚಿ ಸೊಂಟಕ್ಕೆ ಸುತ್ತಿ. ಸಾಲದೇ ಬಂದರೆ ಗಮನ ಬೇಕು.

ಕತ್ತಿನ ಹಿಂಭಾಗವನ್ನೂ ನೋಡಿ. ಅಲ್ಲಿ ವೆಲ್ವೆಟ್ಟಿನಂತೆ ದಪ್ಪನೆಯ ಕಪ್ಪು ಪಟ್ಟಿ ಇದ್ದರೆ ಅದು ಕೊಳೆಯಲ್ಲ. ಕಡ್ಲೆಹಿಟ್ಟು, ನಿಂಬೆಹಣ್ಣು ಹಾಕಿ ಎಷ್ಟು ಉಜ್ಜಿದರೂ ಹೋಗುವುದಿಲ್ಲ, ಮಗುವಿನ ಚರ್ಮ ಉರಿಯುತ್ತದೆ ಅಷ್ಟೇ. ಸಾಮಾನ್ಯವಾಗಿ ರಕ್ತದಲ್ಲಿ ಇನ್ಸುಲಿನ್ ಅತಿಯಾಗಿದೆ ಅನ್ನುವುದರ ಗುರುತು ಅದು.

ಆರತಿಯ ನಂತರ ನೆಂಟರು ತಂದ ಚಿಗಳಿ, ಕೊಬ್ಬರಿ-ಬೆಲ್ಲ ತಿಂದಳಲ್ಲ ಅಂತ ಕೊರಗಬೇಡಿ. ಅದು ನಾಲ್ಕು ದಿನದ ಮಾತು. ನನಗೆ ಬೇಜಾರಾಗುವುದು ಆಮೇಲೆ ನಡೆಯುವುದಕ್ಕೆ. ದೊಡ್ಡವಳಾದಳು ಅಂತ ಆಟ ಬಿಡಿಸುತ್ತಾರೆ. ಸ್ಕೂಲ್ ವ್ಯಾನು, ಟ್ಯೂಷನ್ನು, ಬೇಕರಿ ಪಫ್ಸು, ಮೊಬೈಲು. ಅವಳ ಸೈಕಲ್ಲು ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಧೂಳು ಹಿಡಿಯುತ್ತದೆ. ಓಡಾಟ ಜಾಸ್ತಿ ಬೇಕಾಗಿರುವುದು ಈಗಲೇ ಅಲ್ವಾ?

ಹತ್ತೂವರೆ ಸ್ವಲ್ಪ ಬೇಗವೇ ಹೊರತು ರೋಗವಲ್ಲ. ಎಂಟು ತುಂಬುವ ಮೊದಲೇ ಎದೆ ಬೆಳೆಯತೊಡಗಿದ್ದರೆ ಮಾತ್ರ ಮಕ್ಕಳ ಹಾರ್ಮೋನ್ ತಜ್ಞರಿಗೆ ತೋರಿಸಬೇಕು. ಗಂಡುಮಕ್ಕಳೂ ಇದಕ್ಕೆ ಹೊರತಲ್ಲ. ಬೇಗ ಉದ್ದ ಬೆಳೆದ ಹುಡುಗರಲ್ಲೂ ಮುಂದೆ ಶುಗರ್ ಹೆಚ್ಚು ಅಂತ ಸ್ವೀಡನ್ನಿನ ಅಧ್ಯಯನ ಹೇಳುತ್ತದೆ.

ನಿಮ್ಮ ಮನೆಯಲ್ಲಿ ಶುಗರ್ ಇದೆ. ಮಗಳ ತೂಕವೂ ವಯಸ್ಸಿಗೆ ಮೀರಿದ್ದರೆ ಈಗಲೇ ಖಾಲಿಹೊಟ್ಟೆಯ ಶುಗರ್ ಮತ್ತು ಸುಮಾರು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ ಮಾಡಿಸಿ. ಖಾಲಿಹೊಟ್ಟೆಯಲ್ಲಿ 100, ಎಚ್‌ಬಿಎ1ಸಿ 5.7 ಮುಟ್ಟಿದ್ದರೆ ರಿಪೋರ್ಟ್ ಹಿಡಿದು ಮಕ್ಕಳ ಡಾಕ್ಟರ ಹತ್ತಿರ ಹೋಗಿ. ನೀವು ಬಸುರಿಯಾಗಿದ್ದಾಗ ಶುಗರ್ ಇತ್ತೆಂದರೆ ಅದನ್ನೂ ಮರೆಯದೆ ಹೇಳಿ.